ದಕ್ಕೆಯ ಭರತ, ಪಾಠದ ಉಬ್ಬರ

ಆ ದಿನ ಕರೆಂಟು ಹೋಗಲಿಲ್ಲ. ಪ್ರೊಜೆಕ್ಟರ್ ಕೈಕೊಡಲಿಲ್ಲ. ಸ್ಪೀಕರ್‌ನಲ್ಲಿ ಗೊರಗೊರ ಸದ್ದೂ ಬರಲಿಲ್ಲ. ಎಲ್ಲ ಸರಿಯಾಗಿಯೇ ನಡೆಯಿತು. ಪಾಠ ಮಾತ್ರ ಆಗಲಿಲ್ಲ.

ಉಡುಪಿಯಿಂದ ಕೆಮ್ಮಣ್ಣು ಕಡೆಗೆ ಹೋಗುವಾಗ ಹೊಳೆಯ ಬದಿಯಲ್ಲಿ ಸಿಗುವ ಕನ್ನಡ ಶಾಲೆ ನಮ್ಮದು. ಎಂಟನೇ ತರಗತಿಗೆ ನಾನು ಸಮಾಜ ವಿಜ್ಞಾನ ಮಾಡುತ್ತೇನೆ. ಜಲಗೋಳದ ಪಾಠದಲ್ಲಿ ಉಬ್ಬರವಿಳಿತ ಬರುತ್ತದೆ. ಹಿಂದೆಲ್ಲ ಬೋರ್ಡಿನಲ್ಲಿ ಭೂಮಿ, ಚಂದ್ರ, ಸೂರ್ಯ ಬರೆದು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಸ್ಮಾರ್ಟ್ ಕ್ಲಾಸ್ ಬಂದ ಮೇಲೆ ಆಸೆ ಜಾಸ್ತಿಯಾಯಿತು. ಎರಡು ರಾತ್ರಿ ಕೂತು 34 ಸ್ಲೈಡ್ ಮಾಡಿದೆ. ನ್ಯೂಟನ್ನನ ಚಿತ್ರ, ಚಂದ್ರ ತಿರುಗುವ ವಿಡಿಯೋ, 16 ಮೀಟರ್‌ವರೆಗೂ ನೀರು ಏರುವ ಕೆನಡಾದ ಫಂಡಿ ಕೊಲ್ಲಿ. ಪಾಠ ಯೋಜನೆಯ ಮೊದಲ ಸಾಲಿನಲ್ಲೇ 'ಉಪಕರಣ: ಪ್ರೊಜೆಕ್ಟರ್' ಎಂದು ಬರೆದಿದ್ದೆ. ಈಗ ನೋಡಿದರೆ ತಪ್ಪು ಶುರುವಾದದ್ದು ಅಲ್ಲಿಂದಲೇ.

ಕಿಟಕಿಗೆ ನೀಲಿ ಟಾರ್ಪಾಲು ಕಟ್ಟಿದೆವು. 26 ಮಕ್ಕಳು ಟಾಕೀಸಿನಲ್ಲಿ ಕೂತ ಹಾಗೆ ಕೂತರು. ಒಂದು ಗಲಾಟೆ ಇಲ್ಲ, ಒಂದು ಪ್ರಶ್ನೆ ಇಲ್ಲ. ಅದನ್ನು ನಾನು ಆಸಕ್ತಿ ಎಂದುಕೊಂಡೆ.

ಪಿರಿಯಡ್ ಮುಗಿದು ಊಟದ ಬೆಲ್ ಹೊಡೆಯಿತು. ಜಗಲಿಯಲ್ಲಿ ನಿಂತು ಸುಮ್ನೆ ಕೇಳಿದೆ, "ಈಗ ನಮ್ಮ ಹೊಳೆಯಲ್ಲಿ ನೀರು ಏರ್ತಾ ಉಂಟಾ, ಇಳೀತಾ ಉಂಟಾ?" ಯಾರೂ ಬಾಯಿ ಬಿಡಲಿಲ್ಲ. ಒಬ್ಬಳು ಮಾತ್ರ "ಹುಣ್ಣಿಮೆ ಮತ್ತು ಅಮಾವಾಸ್ಯೆಯಂದು ಅಧಿಕ ಉಬ್ಬರ ಉಂಟಾಗುತ್ತದೆ" ಎಂದು ಪುಸ್ತಕದ ಸಾಲು ಒಪ್ಪಿಸಿದಳು. ಅಷ್ಟರಲ್ಲಿ ಬಿಸಿಯೂಟದ ಅಕ್ಕ ಸಾಂಬಾರಿನ ಪಾತ್ರೆಯಿಂದ ತಲೆ ಎತ್ತದೆಯೇ ಹೇಳಿದರು: "ಇಳೀತಾ ಉಂಟು ಟೀಚರ್. ನಾಲ್ಕು ಗಂಟೆಗೆ ಪೂರ್ತಿ ಇಳೀತದೆ. ಮರುವಾಯಿ ಚಿಪ್ಪು ಹೆಕ್ಕಲಿಕ್ಕೆ ಹೋಗ್ಬೇಕು. ನಾಳೆಗಾದ್ರೆ ಇನ್ನೂ ಮುಕ್ಕಾಲು ಗಂಟೆ ತಡ."

ನನ್ನ 34 ಸ್ಲೈಡಿನಲ್ಲಿ ಇಲ್ಲದ ಪಾಠ ಅದು. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತಾನೆ, ನೀರೂ ಅವನ ಹಿಂದೆಯೇ. ಪಂಚಾಂಗ ನೋಡುವವರ ಲೆಕ್ಕದಲ್ಲಿ ಎರಡು ಗಳಿಗೆ, ಅಂದರೆ 48 ನಿಮಿಷ. ಅಕ್ಕನಿಗೆ ಗಳಿಗೆಯೂ ಬೇಡ, ನಿಮಿಷವೂ ಬೇಡ.

ದೋಣಿಯವರ ಮನೆಯ ಹುಡುಗನೊಬ್ಬ ಆಮೇಲೆ ನನ್ನ ಹತ್ತಿರ ಬಂದ. ಅವನಿಗೂ ಗೊತ್ತಿತ್ತಂತೆ. "ಮತ್ತೆ ಯಾಕೆ ಹೇಳಲಿಲ್ಲ?" ಎಂದೆ. "ನೀವು ಕೇಳಿದ್ದು ಪಾಠದ ಉಬ್ಬರ ಅಂದುಕೊಂಡೆ ಟೀಚರ್. ನಮ್ಮ ಮನೆಯಲ್ಲಿ ಅದಕ್ಕೆ ಭರತ ಅಂತಾರೆ." ಶಾಲೆಯಿಂದ ದೋಣಿ ಕಟ್ಟುವ ದಕ್ಕೆಗೆ ಐದು ನಿಮಿಷದ ದಾರಿ. ನಾನು ಮಕ್ಕಳನ್ನು ಕೆನಡಾಕ್ಕೆ ಕರೆದುಕೊಂಡು ಹೋಗಿದ್ದೆ!

ಡಿಸೆಂಬರಿನಲ್ಲಿ ಅದೇ ಪಾಠವನ್ನು ಮತ್ತೆ ಮಾಡಿದೆ. ಈ ಸಲ ಪಾಠ ಯೋಜನೆಯಲ್ಲಿ ಮೊದಲು ಪ್ರಶ್ನೆ ಬರೆದೆ: ಸೋಮವಾರ ನಮ್ಮ ದಕ್ಕೆಯಲ್ಲಿ ನೀರು ತುಂಬುವುದು ಎಷ್ಟು ಗಂಟೆಗೆ? ಮಕ್ಕಳು ಕಣ್ಣಲ್ಲೇ ನೋಡಿ, ಕೈಯಲ್ಲೇ ಬರೆದು ಮಾಡಬಹುದಾದದ್ದಕ್ಕೆ ಯಂತ್ರ ಬೇಡ ಎಂದು ನಿರ್ಧರಿಸಿದೆ. ಹಾಗೆ ಅಳೆದಾಗ ಮೊಬೈಲಿಗೆ ಉಳಿದದ್ದು ಒಂದೇ ಕೆಲಸ: ಫೋಟೋ ತೆಗೆದು ಗಂಟೆ ನಿಮಿಷ ನೆನಪಿಡುವುದು. ಪ್ರೊಜೆಕ್ಟರಿಗೆ ಉಳಿದದ್ದು ಇಡೀ ದಿನದ ನೀರನ್ನು ಒಂದೇ ಗೆರೆಯಾಗಿ ತೋರಿಸುವುದು.

ಒಂದು ಬಿದಿರಿನ ಗಳಕ್ಕೆ ಹತ್ತು ಹತ್ತು ಸೆಂಟಿಮೀಟರಿಗೆ ಕೆಂಪು, ಬಿಳಿ ಪೈಂಟ್ ಬಳಿದೆವು. ಬಣ್ಣ ಬಳಿದದ್ದು ಹುಡುಗಿಯರು. ದಕ್ಕೆಯ ಕಂಬಕ್ಕೆ ಗಳವನ್ನು ಬಿಗಿದು ಕೊಟ್ಟದ್ದು ಆ ಹುಡುಗನ ಅಪ್ಪ. ಹುಣ್ಣಿಮೆಗೆ ಹತ್ತಿರದ ಒಂದು ಆದಿತ್ಯವಾರ ಬೆಳಿಗ್ಗೆ ಐದರಿಂದ ಸಂಜೆ ಆರೂವರೆಯವರೆಗೆ ಅರ್ಧ ಗಂಟೆಗೊಂದು ಫೋಟೋ. ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇಲ್ಲ. ಇದ್ದರೂ ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ಅದಕ್ಕೇ ಆರು ಗುಂಪು, ಗುಂಪಿಗೊಂದು ಫೋನ್, ಜೊತೆಗೊಬ್ಬರು ದೊಡ್ಡವರು. ಮಳೆಗಾಲವಾಗಿದ್ದರೆ ಇದು ಆಗುವ ಮಾತಲ್ಲ. ಆಗ ಹೊಳೆಯ ನೀರೇ ಜಾಸ್ತಿ, ಕಡಲಿನ ಲೆಕ್ಕ ತಿಳಿಯುವುದಿಲ್ಲ.

ಫೋಟೋದ ಸಮಯ ಎಷ್ಟು ಉಪಯೋಗಕ್ಕೆ ಬಂತೆಂದರೆ, ಎಂಟೂವರೆಯ ಗುಂಪು ತಿಂಡಿ ತಿಂದು ಒಂಬತ್ತಕ್ಕೆ ಹೋಗಿ ಎಂಟೂವರೆ ಎಂದು ಬರೆದದ್ದು ಸಿಕ್ಕಿಬಿತ್ತು. ನೀರ್ದೋಸೆ ಇತ್ತಂತೆ. ಬಿಟ್ಟುಬಿಟ್ಟೆ.

ಸೋಮವಾರ ಮೂರನೇ ಪಿರಿಯಡ್. ಪ್ರೊಜೆಕ್ಟರ್ ಆನ್ ಮಾಡಲಿಲ್ಲ. ಮೊದಲು ನೋಟ್‌ಬುಕ್ಕಿನಲ್ಲಿ ನಿನ್ನೆಯ ನೀರಿನ ಗೆರೆಯನ್ನು ಊಹೆಯಿಂದ ಎಳೆಯಲು ಹೇಳಿದೆ. ಮುಕ್ಕಾಲು ಪಾಲು ಮಕ್ಕಳು ಮನೆಯ ಮಾಡಿನ ಹಾಗೆ ಎಳೆದರು: ನೇರ ಮೇಲೆ, ಚೂಪು ತುದಿ, ನೇರ ಕೆಳಗೆ. ಆಮೇಲೆ ಒಂದೊಂದು ಗುಂಪಿನವರು ಬಂದು ಕಂಪ್ಯೂಟರಿನಲ್ಲಿ ಅಂಕೆ ತುಂಬಿದರು. ಇದಕ್ಕೆ ಐದು ನಿಮಿಷ ಸಾಕು ಎಂದುಕೊಂಡಿದ್ದೆ, ಇಪ್ಪತ್ತು ಹೋಯಿತು. ಮುಂದಿನ ವರ್ಷ ಅಂಕೆಗಳನ್ನು ಮೊದಲೇ ತುಂಬಿಸಿ ಇಡಬೇಕು.

ಪರದೆಯ ಮೇಲೆ ಗ್ರಾಫ್ ಬಂದಾಗ ಹತ್ತು ಗಂಟೆಯ ಹತ್ತಿರ ಗೆರೆ ಒಮ್ಮೆಲೇ ಆಕಾಶಕ್ಕೆ ಹೋಗಿ ಕೆಳಗೆ ಬಿತ್ತು. "ಸುನಾಮಿ!" ಎಂದು ಯಾರೋ ಕೂಗಿದರು. ಇಡೀ ಕ್ಲಾಸು ನಗು. ನಾನು ಸರಿಮಾಡಲು ಹೊರಟವಳು ಕೈ ಹಿಂದೆ ತೆಗೆದುಕೊಂಡೆ. ಎರಡು ನಿಮಿಷದಲ್ಲಿ ಅವರೇ ಹುಡುಕಿದರು. ಫೋಟೋದಲ್ಲಿ ಇದ್ದದ್ದು 105, ಒತ್ತಿದ್ದು 1050. ಸರಿಮಾಡಿದ ಮೇಲೆ ಗೆರೆ ಗುಡ್ಡದ ಹಾಗೆ ದುಂಡಗಾಯಿತು. ತಳದಲ್ಲಿ ನಿಧಾನ, ತಲೆಯಲ್ಲಿ ನಿಧಾನ, ಮಧ್ಯದ ಎರಡು ಗಂಟೆಯಲ್ಲೇ ಹೆಚ್ಚುಕಡಿಮೆ ಅರ್ಧ ಏರಿಕೆ. ಮಕ್ಕಳು ತಮ್ಮ ಮಾಡಿನ ಚಿತ್ರ ನೋಡಿಕೊಂಡರು. ಕೆಲವರು ರಬ್ಬರ್ ಹುಡುಕಿದರು. ಅಳಿಸಬೇಡಿ, ಪಕ್ಕದಲ್ಲೇ ಇನ್ನೊಂದು ಎಳೆಯಿರಿ ಎಂದೆ.

ಭಾನುವಾರ ನೀರು ತುಂಬಿದ್ದು ಹನ್ನೆರಡರ ಸುಮಾರಿಗೆ. ಹಾಗಾದರೆ ಇವತ್ತು? ಹೆಚ್ಚಿನವರು ಹನ್ನೆರಡೇ ಎಂದರು. ದೋಣಿಯವರ ಹುಡುಗ "ಹನ್ನೆರಡು ಮುಕ್ಕಾಲು" ಎಂದ. ಈ ಸಲ ಜೋರಾಗಿಯೇ ಹೇಳಿದ.

ಊಟಕ್ಕೆ ಮೊದಲು ಎಲ್ಲರೂ ದಕ್ಕೆಗೆ ಹೋದೆವು. ಹನ್ನೆರಡೂವರೆಗೆ ನೀರು ಒಂದು ಕೆಂಪು ಪಟ್ಟಿಯ ಅರ್ಧ ಮುಟ್ಟಿತ್ತು. ಇನ್ನೂ ಒಂದಿಷ್ಟು ಏರಿತು. ಆಮೇಲೆ ಏನೂ ಆಗಲಿಲ್ಲ. ಏರಿತಾ, ನಿಂತಿತಾ, ಒಂದೂ ಗೊತ್ತಾಗುವುದಿಲ್ಲ. ಒಂದು ಗಂಟೆ ದಾಟಿದ ಮೇಲೆ ಒಬ್ಬಳು ಬಗ್ಗಿ ನೋಡಿ "ಟೀಚರ್, ಒದ್ದೆ!" ಎಂದಳು. ನೀರಿನ ಮೇಲೆ ಬಣ್ಣದಲ್ಲಿ ಎರಡು ಬೆರಳಿನಷ್ಟು ಒದ್ದೆ ಪಟ್ಟಿ ಹೊಳೆಯುತ್ತಿತ್ತು. ಅಂದರೆ ಇಳಿಯಲು ಶುರುವಾಗಿದೆ. ಅಲ್ಲಿ ಯಾವ ಸ್ಕ್ರೀನೂ ಇರಲಿಲ್ಲ. ಆದರೆ ಬೆಳಿಗ್ಗೆಯ ಗ್ರಾಫ್ ನೋಡದೇ ಇದ್ದಿದ್ದರೆ ಆ ಹುಡುಗಿ ಅಷ್ಟು ಹೊತ್ತು ಬಗ್ಗಿ ನಿಲ್ಲುತ್ತಿರಲಿಲ್ಲ, ಅಲ್ವಾ?

ಮಂಗಳವಾರ ಚಂದ್ರನ ವಿಡಿಯೋ ಹಾಕಿದೆ. ಬರೀ ಎರಡು ನಿಮಿಷದ್ದು, ಹಿಂದಿನದೇ. ಭೂಮಿಯ ಎರಡೂ ಬದಿಗೆ ಸಮನಾದ ಎರಡು ಉಬ್ಬು. ಹಿಂದಿನ ಸಲ ಯಾರೂ ತುಟಿ ಎರಡು ಮಾಡಿರಲಿಲ್ಲ. ಈ ಸಲ ಹಿಂದಿನ ಬೆಂಚಿನಿಂದ ಕೈ ಮೇಲೆ ಬಂತು. "ಟೀಚರ್, ನಮ್ಮ ಗ್ರಾಫಿನಲ್ಲಿ ಬೆಳಗಿನ ಇಳಿತ, ಸಂಜೆಯ ಇಳಿತ ಸಮ ಇಲ್ಲ. ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ವಿಡಿಯೋ ತಪ್ಪಾ, ನಮ್ಮ ಗಳ ತಪ್ಪಾ?"

ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ರಾತ್ರಿ ಓದಿದೆ. ಗಳ ಸರಿಯಾಗಿಯೇ ಇತ್ತು. ವಿಡಿಯೋದಲ್ಲಿ ಚಂದ್ರ ಸಮಭಾಜಕ ವೃತ್ತದ ನೇರಕ್ಕೇ ಸುತ್ತುತ್ತಾನೆ. ನಿಜವಾದ ಚಂದ್ರ ತಿಂಗಳಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತಾನೆ. ಒಂದು ಉಬ್ಬು ಉತ್ತರಕ್ಕೆ ಬಂದರೆ ಇನ್ನೊಂದು ಆಚೆ ಬದಿಯಲ್ಲಿ ದಕ್ಷಿಣಕ್ಕೆ. ಅದಕ್ಕೆ ಕಡಲಿನ ಆಳ, ಕರಾವಳಿಯ ಆಕಾರ ಸೇರಿ ನಮ್ಮ ಪಡುಗಡಲಿನಲ್ಲಿ ಒಂದು ಇಳಿತ ಆಳ, ಇನ್ನೊಂದು ಮೇಲು.

ಇದಕ್ಕೆ ವಿಡಿಯೋ ಹುಡುಕುತ್ತಾ ಕೂರಲಿಲ್ಲ. ಬುಧವಾರ ಬಿಸಿಯೂಟದ ಅಕ್ಕನಿಂದ ತೆಂಗಿನಕಾಯಿಯ ಎರಡು ಗೆರಟೆ ತಂದೆ. ಇಬ್ಬರು ಮಕ್ಕಳು ಗ್ಲೋಬಿನ ಒಂದು ಬದಿಗೆ ಸ್ವಲ್ಪ ಮೇಲೆ, ಇನ್ನೊಂದು ಬದಿಗೆ ಸ್ವಲ್ಪ ಕೆಳಗೆ ಗೆರಟೆ ಹಿಡಿದು ನಿಂತರು. ಮೂರನೆಯವನು ಗ್ಲೋಬ್ ತಿರುಗಿಸಿದ. ಉಡುಪಿಯ ಜಾಗಕ್ಕೆ ಅಂಟಿಸಿದ ಕೆಂಪು ಬಿಂದಿ ಒಂದು ಗೆರಟೆಯ ನಡುವಿನಿಂದ ಹಾದು, ಇನ್ನೊಂದರ ಅಂಚು ಸವರಿಕೊಂಡು ಹೋಯಿತು.

"ಚಂದ್ರ ಮಧ್ಯದಲ್ಲಿ ಬರುವ ದಿನ ಎರಡೂ ಸಮ ಆಗ್ಬೇಕಲ್ವಾ?" ಹಿಂದಿನ ಬೆಂಚು ಬಿಡಲಿಲ್ಲ. ಹತ್ತಿರ ಹತ್ತಿರ ಆಗಬೇಕು, ತಿಂಗಳಲ್ಲಿ ಎರಡು ಸಲ ಚಂದ್ರ ಹಾಗೆ ದಾಟುತ್ತಾನೆ ಎಂದೆ. ಅವರು ನೋಡಲು ಹೊರಟಿದ್ದಾರೆ. ಗಳ ಇನ್ನೂ ದಕ್ಕೆಯಲ್ಲೇ ಉಂಟು. ಯಾರೋ ಅದಕ್ಕೆ ದೋಣಿಯ ಹಗ್ಗ ಬಿಗಿದು, 70ರ ಪಟ್ಟಿಯ ಬಣ್ಣ ಉಜ್ಜಿ ಹೋಗಿದೆ. ಶನಿವಾರ ಮತ್ತೆ ಪೈಂಟ್ ಬೇಕಂತೆ.