‘ವಿ ವರ್ ಲೈಯರ್ಸ್’: ಕೊನೆಗೆ ಅತ್ತವರೂ ಸಿಟ್ಟಾದವರೂ

ಇ. ಲಾಕ್‌ಹಾರ್ಟ್ ಬರೆದ ‘ವಿ ವರ್ ಲೈಯರ್ಸ್’ ಓದಿ "ಆಯ್ತು, ಪರ್ವಾಗಿಲ್ಲ" ಅಂದವರು ನನಗೆ ಈವರೆಗೆ ಒಬ್ಬರೂ ಸಿಕ್ಕಿಲ್ಲ. ಒಂದಾ ಅಳು, ಇಲ್ಲದಿದ್ರೆ ಸಿಟ್ಟು. ನಮ್ಮ ಓದುವ ಬಳಗದಲ್ಲಿ ಈ ಪುಸ್ತಕ ಇಟ್ಟುಕೊಂಡ ಭಾನುವಾರ ಮಂಗಳೂರಿನ ಕದ್ರಿ ಪಾರ್ಕಿನ ಬೆಂಚಲ್ಲಿ ಕೂತು ಎಷ್ಟು ಜೋರು ಚರ್ಚೆ ಆಯ್ತು ಅಂದ್ರೆ ವಾಕಿಂಗ್ ಬಂದವರು ಎಂತ ಗಲಾಟೆ ಅಂತ ಒಮ್ಮೆ ನಿಂತು ನೋಡಿ ಹೋದ್ರು. ಸೆಕೆಂಡ್ ಪಿಯುಸಿ ಓದುವ ನನ್ನ ಅಕ್ಕನ ಮಗಳು "ಚಿಕ್ಕಮ್ಮ, ಇದಕ್ಕಿಂತ ಒಳ್ಳೆ ಪುಸ್ತಕ ನಾನು ಓದಿಯೇ ಇಲ್ಲ" ಅಂತ, ಬ್ಯಾಂಕಲ್ಲಿ ಕೆಲಸ ಮಾಡುವ ನನ್ನ ಗೆಳತಿ "ಇದು ಮೋಸ ಮಾರಾಯ್ತಿ, ಶುದ್ಧ ಮೋಸ" ಅಂತ. ಇಬ್ಬರೂ ಓದಿದ್ದು ಒಂದೇ ಕಾಪಿ. ಒಬ್ಬಳು ಪೆನ್ಸಿಲಲ್ಲಿ ಅಡಿಗೆರೆ ಹಾಕಿದ ಸಾಲಿನ ಪಕ್ಕದಲ್ಲೇ ಇನ್ನೊಬ್ಬಳು ದೊಡ್ಡದಾಗಿ ಪ್ರಶ್ನೆ ಚಿಹ್ನೆ ಹಾಕಿದ್ದಾಳೆ, ಆ ಪುಟಗಳನ್ನು ನೋಡಿದ್ರೆ ಇಡೀ ಜಗಳ ಅಲ್ಲೇ ಉಂಟು.

ನಾನು ಅಕ್ಕನ ಮಗಳ ಪಕ್ಷ. ಈ ಪುಸ್ತಕ ಓದುಗರಿಗೆ ಮೋಸ ಮಾಡೋದಿಲ್ಲ, ಉತ್ತರವನ್ನು ಎದುರಿಗೇ ಇಡ್ತದೆ, ಆದ್ರೆ ನಾವು ಹಾರಿಸಿಕೊಂಡು ಹೋಗುವ ಜಾಗದಲ್ಲಿ ಇಡ್ತದೆ. ಅದು ಹೇಗೆ ಅಂತ ಹೇಳ್ಲಿಕ್ಕೇ ಇಷ್ಟು ಉದ್ದ ಬರೀತಾ ಇದ್ದೇನೆ. ಕೊನೆ ಎಂತ ಅಂತ ಮಾತ್ರ ಹೇಳೋದಿಲ್ಲ, ಓದದವರು ಧೈರ್ಯವಾಗಿ ಮುಂದೆ ಓದಬಹುದು.

ಪುಸ್ತಕ ಬಂದದ್ದು 2014ರಲ್ಲಿ. ಆ ವರ್ಷ ಗುಡ್‌ರೀಡ್ಸ್ ಅನ್ನುವ ಪುಸ್ತಕಗಳ ವೆಬ್‌ಸೈಟಿನ ಓದುಗರ ಓಟಿಂಗಲ್ಲಿ ಯಂಗ್ ಅಡಲ್ಟ್ (ಹದಿಹರೆಯದವರ ಪುಸ್ತಕ) ವಿಭಾಗದ ಪ್ರಶಸ್ತಿ ಇದಕ್ಕೇ ಬಂತು. ಆಮೇಲೆ 2020ರ ಹೊತ್ತಿಗೆ ಟಿಕ್‌ಟಾಕಲ್ಲಿ ಮಕ್ಕಳು ಓದಿ ಅಳುವ ವಿಡಿಯೋ ಹಾಕಿ ಹಾಕಿ ಹಳೇ ಪುಸ್ತಕ ಮತ್ತೆ ಬೆಸ್ಟ್ ಸೆಲ್ಲರ್ ಆಯ್ತು, ನಮ್ಮಲ್ಲಿ ಆ ವರ್ಷ ಜೂನಲ್ಲೇ ಟಿಕ್‌ಟಾಕ್ ಬ್ಯಾನ್ ಆದ್ರಿಂದ ಇಲ್ಲಿಯವರಿಗೆ ಗೊತ್ತಾದದ್ದು ಹೆಚ್ಚಾಗಿ ರೀಲ್ಸ್ ನೋಡಿ. ಈ ರೀಲ್ಸಿಂದ ಒಂದು ತೊಂದರೆಯೂ ಆಗಿದೆ. "ಕೊನೆಯಲ್ಲಿ ತಲೆ ತಿರುಗ್ತದೆ" ಅಂತ ಮೊದಲೇ ಕೇಳಿಕೊಂಡು ಶುರು ಮಾಡಿದವರು ಮೊದಲ ಪುಟದಿಂದಲೇ ಆ ತಿರುವನ್ನು ಹುಡುಕ್ತಾ ಓದ್ತಾರೆ, ಕಥೆ ಓದೋದಿಲ್ಲ. ನನ್ನ ಗೆಳತಿಯ ಅರ್ಧ ಸಿಟ್ಟು ಅಲ್ಲಿಂದ ಬಂದದ್ದು ಅಂತ ನನ್ನ ಅನಿಸಿಕೆ.

ಕಥೆ ಸುಲಭವಾಗಿ ಹೇಳೋದಾದ್ರೆ, ಅಮೆರಿಕದ ಮ್ಯಾಸಚೂಸೆಟ್ಸ್ ತೀರದಲ್ಲಿ ಸಿಂಕ್ಲೇರ್ ಅನ್ನುವ ಸಿರಿವಂತ ಕುಟುಂಬಕ್ಕೆ ಬೀಚ್‌ವುಡ್ ಅಂತ ಸ್ವಂತ ದ್ವೀಪವೇ ಉಂಟು. ಅಜ್ಜ, ಮೂರು ಜನ ಹೆಣ್ಣುಮಕ್ಕಳು, ಮೊಮ್ಮಕ್ಕಳು, ಪ್ರತಿ ಬೇಸಿಗೆ ರಜೆಗೆ ಎಲ್ಲರೂ ಅಲ್ಲಿ ಸೇರ್ತಾರೆ. ದೊಡ್ಡ ಮೊಮ್ಮಗಳು ಕೇಡೆನ್ಸ್ ಕಥೆ ಹೇಳುವವಳು. ಅವಳಿಗೆ ಹದಿನೈದು ವರ್ಷ ಇರುವಾಗ ಅಲ್ಲಿ ಎಂತದೋ ಒಂದು ಅಪಘಾತ ಆಗಿ ಸಮುದ್ರದ ಬದಿಯಲ್ಲಿ ಸಿಕ್ಕಿದ್ದಾಳೆ, ತಲೆಗೆ ಪೆಟ್ಟು, ಆ ಬೇಸಿಗೆಯ ನೆನಪು ಹೆಚ್ಚಿನದ್ದೂ ಹೋಗಿದೆ, ಆಮೇಲೆ ಸಹಿಸ್ಲಿಕ್ಕೆ ಆಗದ ಮೈಗ್ರೇನ್. ಮನೆಯವರು ಯಾರೂ ಆದದ್ದೇನು ಅಂತ ಹೇಳೋದಿಲ್ಲ. ಎರಡು ವರ್ಷ ಕಳೆದು ದ್ವೀಪಕ್ಕೆ ವಾಪಸ್ ಹೋಗಿ ಒಂದೊಂದೇ ನೆನಪು ಹೆಕ್ಕುತ್ತಾಳೆ. ಅಜ್ಜನ ಹಳೇ ದೊಡ್ಡ ಮನೆ ಈಗ ಇಲ್ಲ, ಆ ಜಾಗದಲ್ಲಿ ಹೊಸ ಮನೆ ಎದ್ದಿದೆ. ಎಂತಕ್ಕೆ ಅಂತ ಯಾರೂ ಬಾಯಿ ಬಿಡೋದಿಲ್ಲ.

ಮೊದಲ ತಕರಾರು ಶುರುವಾಗೋದೇ ಮೊದಲ ಕೆಲವು ಪುಟಗಳಲ್ಲಿ. ಅಪ್ಪ ಮನೆ ಬಿಟ್ಟು ಹೋಗುವ ದಿವಸ, ಸಾಮಾನೆಲ್ಲ ಕಾರಿಗೆ ತುಂಬಿಸಿ ಕಾರ್ ಸ್ಟಾರ್ಟ್ ಮಾಡಿ, ಆಮೇಲೆ ಪಿಸ್ತೂಲ್ ತೆಗೆದು ಮಗಳ ಎದೆಗೆ ಗುಂಡು ಹೊಡೀತಾನೆ, ಅವಳು ಹುಲ್ಲಿನ ಮೇಲೆ ಬೀಳ್ತಾಳೆ, ರಕ್ತ ಹರೀತದೆ, ಅಮ್ಮ ಬಂದು ಗದರಿಸ್ತಾಳೆ, ಸರಿಯಾಗಿ ಇರು, ಸೀನ್ ಮಾಡ್ಬೇಡ ಅಂತ. ನನ್ನ ಗೆಳತಿ ಇಲ್ಲಿ ಪುಸ್ತಕ ಕೆಳಗಿಟ್ಟು ನನಗೆ ಫೋನ್ ಮಾಡಿದ್ಳು, "ಅಪ್ಪ ಕೊಂದನಾ? ಹಾಗಾದ್ರೆ ಈ ಹುಡುಗಿ ಬದುಕಿದ್ದು ಹೇಗೆ?" ಗುಂಡು ಇಲ್ಲ, ಪಿಸ್ತೂಲೂ ಇಲ್ಲ, ಅಪ್ಪ ಸುಮ್ಮನೆ ಕಾರ್ ಹತ್ತಿ ಹೋದ ಅಷ್ಟೆ, ಅವಳಿಗೆ ಆದ ನೋವು ಹಾಗಿತ್ತು. ಗೊತ್ತಾದ ಮೇಲೆ ಗೆಳತಿ ಹೇಳಿದ್ದು "ನೋವಾಯ್ತು ಅಂತ ಹೇಳಿದ್ರೆ ಸಾಕಿತ್ತಲ್ಲ, ರಕ್ತ ಎಲ್ಲ ಎಂತಕ್ಕೆ". ಅಕ್ಕನ ಮಗಳು ಅಡಿಗೆರೆ ಹಾಕಿದ್ದೂ ಇದೇ ಜಾಗಕ್ಕೆ. ಅವಳು ಹೇಳಿದ್ದು ನನಗೆ ತುಂಬಾ ಹಿಡಿಸಿತು: "ಇವಳು ಹೇಳಿದ್ದನ್ನೆಲ್ಲ ನಿಜ ಅಂತ ತಗೊಳ್ಬೇಡಿ ಅಂತ ಆರಂಭದಲ್ಲೇ ಹೇಳಿಬಿಟ್ಟಿದ್ದಾರೆ ಚಿಕ್ಕಮ್ಮ, ಇದಕ್ಕಿಂತ ಸ್ಪಷ್ಟ ಹೇಗೆ ಹೇಳೋದು?" ಹೌದು. ತಲೆಬರಹವೇ ನಾವು ಸುಳ್ಳರು ಅಂತ ಇರುವಾಗ!

ಆದ್ರೆ ಭಾಷೆ ಬಗ್ಗೆ ಗೆಳತಿ ಹೇಳಿದ್ದು ಪೂರ್ತಿ ತಳ್ಳಿಹಾಕ್ಲಿಕ್ಕೆ ನನಗೆ ಆಗೋದಿಲ್ಲ. ವಾಕ್ಯ ಅರ್ಧಕ್ಕೆ ಮುರಿದು ಕೆಳಗಿನ ಸಾಲಿಗೆ ಹೋಗ್ತದೆ, ಒಂದೊಂದು ಶಬ್ದಕ್ಕೆ ಒಂದೊಂದು ಸಾಲು, ಕವಿತೆಯ ಹಾಗೆ. ತಲೆನೋವಿನ ಭಾಗಗಳಲ್ಲಿ ಅದು ಸರಿ, ತಲೆ ಒಡೆದು ಹೋಗುವಷ್ಟು ನೋವಿರುವವಳು ಉದ್ದ ವಾಕ್ಯ ಹೇಗೆ ಹೇಳಿಯಾಳು. ಏನೂ ಇಲ್ಲದ ಕಡೆ, ಬೋಟಲ್ಲಿ ಕೂತು ಹರಟೆ ಹೊಡೆಯುವಾಗಲೂ ಹಾಗೇ ಮಾಡಿದ್ರೆ ಓದುವವರಿಗೆ ಕಿರಿಕಿರಿ ಆಗ್ತದೆ. ಇಲ್ಲಿ ಲೇಖಕಿ ಸ್ವಲ್ಪ ಕೈ ಬಿಗಿ ಹಿಡಿಯಬೇಕಿತ್ತು.

ಇನ್ನು ಮುಖ್ಯ ವಿಷಯ. ಕಥೆಯ ನಡುನಡುವೆ ಕೇಡೆನ್ಸ್ ಬರೆಯುವ ಪುಟ್ಟ ಪುಟ್ಟ ಅಜ್ಜಿಕಥೆಗಳು ಬರ್ತವೆ. ಒಬ್ಬ ರಾಜ, ಅವನಿಗೆ ಮೂರು ಜನ ಸುಂದರ ಹೆಣ್ಣುಮಕ್ಕಳು ಅಂತ ಶುರು, ಪ್ರತಿ ಸಲ ಅದೇ ಶುರು, ಮುಂದೆ ಮಾತ್ರ ಬೇರೆ ಬೇರೆ. ಒಮ್ಮೆ ಡ್ರ್ಯಾಗನ್, ಒಮ್ಮೆ ಇಲಿ. ಮೂರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಲಿಕ್ಕೆ ಹೊರಟ ರಾಜನ ನಾಟಕ, ಶೇಕ್ಸ್‌ಪಿಯರನ ಕಿಂಗ್ ಲಿಯರ್, ಗೊತ್ತಿದ್ದವರಿಗೆ ಕೂಡಲೇ ಹೊಳೀತದೆ. ಬಳಗದಲ್ಲಿ ನಾನು ಒಬ್ಬೊಬ್ಬರನ್ನೇ ಕೇಳಿದೆ, ಈ ಕಥೆಗಳನ್ನು ಪೂರ್ತಿ ಓದಿದ್ರಾ ಅಂತ. ಮೋಸ ಆಯ್ತು ಅಂದವರು ಎಲ್ಲರೂ ಅವನ್ನು ಹಾರಿಸಿದ್ದಾರೆ! "ಕಥೆ ಮುಂದೆ ಹೋಗ್ಲಿ ಅಂತ ಬಿಟ್ಟೆ" ಅಂತ. ನಾನು ಅಲ್ಲೇ ಇಲಿಯ ಕಥೆ ತೆಗೆದು ಗಟ್ಟಿಯಾಗಿ ಓದಿದೆ. ರಾಜನ ಮನೆಯಲ್ಲಿ ಇಲಿಯನ್ನು ಯಾರು ಹೇಗೆ ನೋಡ್ತಾರೆ, ಯಾರಿಗೆ ಹೆದರಿಕೆ, ಯಾರಿಗೆ ಅಸಹ್ಯ, ಅದೆಲ್ಲ ಕೇಳ್ತಾ ಕೇಳ್ತಾ ನನ್ನ ಗೆಳತಿಯ ಮುಖ ಬದಲಾಯ್ತು. ಕೇಡೆನ್ಸ್‌ಗೆ ಎಚ್ಚರದಲ್ಲಿ ನೆನಪಿಲ್ಲದ್ದು ಅವಳ ಕೈಗೆ ನೆನಪುಂಟು, ಅದು ಕಥೆಯ ವೇಷದಲ್ಲಿ ಹೊರಗೆ ಬರ್ತಾ ಉಂಟು. ಉತ್ತರ ಅಲ್ಲೇ ಬಿದ್ದಿತ್ತು.

ಪತ್ತೇದಾರಿ ಕಾದಂಬರಿಯಲ್ಲಿ ನ್ಯಾಯ ಅನ್ಯಾಯದ ಈ ಜಗಳ ಹೊಸತೇನಲ್ಲ. 1926ರಲ್ಲಿ ಅಗಾಥಾ ಕ್ರಿಸ್ಟಿಯ ರೋಜರ್ ಆಕ್ರಾಯ್ಡ್ ಕಾದಂಬರಿ ಬಂದಾಗಲೂ ಇದು ಅನ್ಯಾಯ ಅಂದವರಿದ್ರು. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ, ಅವರೂ ಪತ್ತೇದಾರಿ ಲೇಖಕರೇ, ಹತ್ತು ನಿಯಮ ಬರೆದ್ರು, ಪತ್ತೇದಾರನಿಗೆ ಸಿಕ್ಕಿದ ಸುಳಿವು ಓದುಗನಿಗೂ ಆಗಲೇ ತೋರಿಸಬೇಕು ಅಂತ ಅದರಲ್ಲಿ ಒಂದು. ಆ ನಿಯಮ ಇಟ್ಟುಕೊಂಡು ನೋಡಿದ್ರೂ ಲಾಕ್‌ಹಾರ್ಟ್ ಪಾಸ್. ಇಲ್ಲಿ ಪತ್ತೇದಾರಳೂ ಕೇಡೆನ್ಸೇ, ತನಗೆ ಗೊತ್ತಿಲ್ಲದ್ದನ್ನು ಅವಳು ಬಚ್ಚಿಡೋದು ಹೇಗೆ? ಅವಳಿಗೆ ಕಂಡದ್ದೆಲ್ಲ ನಮಗೂ ಕಾಣ್ತದೆ. ಊಟದ ಟೇಬಲ್ಲಿನ ದೃಶ್ಯಗಳನ್ನು ಎರಡನೇ ಸಲ ನಿಧಾನ ಓದಿ ನೋಡಿ, ಅಷ್ಟೇ ಹೇಳ್ತೇನೆ.

ಎರಡನೇ ಸಲ ಅಂದ ಕೂಡಲೇ ಗೆಳತಿ "ಕೊನೆ ಗೊತ್ತಾದ ಮೇಲೆ ಮಿಸ್ಟರಿ ಯಾರು ಓದ್ತಾರೆ" ಅಂದ್ಳು. ನಾವು ತಾಳಮದ್ದಳೆಗೆ, ಅಂದ್ರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗುವವರಲ್ವಾ! ವಾಲಿಮೋಕ್ಷದಲ್ಲಿ ವಾಲಿ ಸಾಯ್ತಾನೆ ಅಂತ ಗೊತ್ತಿಲ್ಲದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ, ಆದ್ರೂ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಎಂತ ಕೇಳ್ತಾನೆ, ರಾಮ ಎಂತ ಉತ್ತರ ಕೊಡ್ತಾನೆ, ಇವತ್ತು ಆ ಪಾತ್ರದ ಮಾತಾಡುವ ಅರ್ಥಧಾರಿ ಅದನ್ನು ಹೇಗೆ ನಿಭಾಯಿಸ್ತಾರೆ ಅಂತ ಕೇಳ್ಲಿಕ್ಕೆ ಜನ ನಿದ್ರೆಗೆಟ್ಟು ಕೂರ್ತಾರೆ. ಈ ಪುಸ್ತಕವೂ ಆಗಿದ್ದು ತಿಳಿದ ಮೇಲೆಯೇ ಸರಿಯಾಗಿ ಓದ್ಲಿಕ್ಕೆ ಸಿಗುವಂಥದ್ದು. ಮೊದಲ ಸಲ ಅದು ಮಿಸ್ಟರಿ, ಎರಡನೇ ಸಲ ದುಃಖ. ಮೊದಲ ಓದಲ್ಲಿ ಅಮ್ಮನ ಮೇಲೆ ನನಗೆ ವಿಪರೀತ ಸಿಟ್ಟಿತ್ತು, ಮಗಳು ಅಷ್ಟು ಕೇಳ್ತಾ ಇದ್ರೂ ಹೇಳೋದಿಲ್ಲವಲ್ಲ ಅಂತ. ಎರಡನೇ ಓದಲ್ಲಿ ಅದೇ ಅಮ್ಮನ ಒಂದೊಂದು ಮಾತೂ ಬೇರೆ ಹಾಗೆ ಕೇಳಿಸಿತು.

ನಮ್ಮ ಚರ್ಚೆಯಲ್ಲಿ ಎಲ್ಲರಿಗಿಂತ ಚಂದ ಮಾತಾಡಿದ್ದು ಮಾತ್ರ ರಿಟೈರ್ಡ್ ಲೆಕ್ಚರರ್ ಒಬ್ಬರು, ನಾವೆಲ್ಲ ಟೀಚರ್ ಅಂತಲೇ ಕರೆಯೋದು, ಮೂಡಬಿದ್ರೆ ಕಡೆಯ ದೊಡ್ಡ ಗುತ್ತಿನ ಮನೆಯವರು, ಅಂದ್ರೆ ಊರಿನ ಹಳೇ ಜಮೀನ್ದಾರಿ ಮನೆತನದವರು. ಅವರಿಗೆ ತಿರುವು, ಸುಳಿವು ಯಾವುದೂ ಮುಖ್ಯ ಆಗಲೇ ಇಲ್ಲ. ಪುಸ್ತಕದ ಆರಂಭದಲ್ಲಿ ದ್ವೀಪದ ಮ್ಯಾಪ್ ಮತ್ತು ಕುಟುಂಬದ ವಂಶವೃಕ್ಷ ಕೊಟ್ಟಿದ್ದಾರೆ, ಹೆಚ್ಚಿನವರು ಅದನ್ನು ಒಮ್ಮೆ ನೋಡಿ ಪುಟ ತಿರುಗಿಸ್ತಾರೆ. ಟೀಚರ್ ಅಲ್ಲೇ ನಿಂತಿದ್ದಾರೆ. ಮೂರು ಹೆಣ್ಣುಮಕ್ಕಳ ಮೂರು ಮನೆ, ನಡುವೆ ಅಪ್ಪನ ದೊಡ್ಡ ಮನೆ, ಇದರಲ್ಲಿ ಯಾರಿಗೆ ಯಾವುದು ಹೋಗ್ತದೆ ಅಂತ ಪೆನ್ನಲ್ಲಿ ಬಾಣದ ಗುರುತು ಹಾಕಿಕೊಂಡು ಓದಿದ್ದಾರೆ. "ಇದರಲ್ಲಿ ಮಿಸ್ಟರಿ ಎಂತದು? ಇದು ಪಾಲಿನ ಕಥೆ" ಅಂದ್ರು.

ಮತ್ತೆ ನಮ್ಮ ತುಳುನಾಡಿನ ಹಳೇ ಆಸ್ತಿ ಪದ್ಧತಿ ಅಳಿಯಸಂತಾನದ ವಿಷಯ ಬಂತು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹೋಗ್ತದೆ, ಯಜಮಾನಿಕೆ ಸೋದರಮಾವನ ಕೈಯಲ್ಲಿ, ಎಲ್ಲರೂ ಒಂದೇ ಮನೆಯಲ್ಲಿ. 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದು ಕವರುಗಳಿಗೆ (ಒಬ್ಬ ಹೆಂಗಸಿನ ಸಂತತಿಯ ಕವಲುಗಳಿಗೆ) ಪಾಲು ಕೇಳುವ ಹಕ್ಕು ಬಂತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ, ಆಮೇಲೆ ಒಂದೊಂದೇ ದೊಡ್ಡ ಮನೆಯ ಒಳಗೆ ಅಕ್ಕತಂಗಿಯರು ಮಾತು ಬಿಟ್ಟದ್ದನ್ನು ಟೀಚರ್ ಚಿಕ್ಕವರಿರುವಾಗ ಕಣ್ಣಾರೆ ನೋಡಿದವರು. ಕಾದಂಬರಿಯಲ್ಲಿ ಅಜ್ಜಿ ತೀರಿಹೋದ ಮೇಲೆ ಅವಳ ಕಪ್ಪು ಮುತ್ತಿನ ಸರಕ್ಕೆ, ಮೇಜಿನ ಮೇಲೆ ಹಾಸುವ ಬಟ್ಟೆಗೆ ಸಹ ಮೂವರು ಕಿತ್ತಾಡ್ತಾರೆ, ಮಕ್ಕಳನ್ನು ಅಜ್ಜನ ಹತ್ತಿರ ಕಳಿಸ್ತಾರೆ, ಹೋಗಿ ಚಂದ ಮಾತಾಡು, ಈ ಮನೆ ಅಂದ್ರೆ ನನಗೆ ಜೀವ ಅಂತ ಹೇಳು ಅಂತ. ಆ ಜಾಗ ಓದುವಾಗ ಟೀಚರಿಗೆ ತಮ್ಮ ದೊಡ್ಡಮ್ಮನ ದನಿಯೇ ಕೇಳಿಸಿತಂತೆ. "ನಮ್ಮಲ್ಲಿ ಒಂದು ತಾಮ್ರದ ಹಂಡೆಗೆ ಎರಡು ಮನೆಯವರು ಹನ್ನೊಂದು ವರ್ಷ ಮಾತಾಡಲಿಲ್ಲ. ಹಂಡೆಯಲ್ಲಿ ನೀರು ಕಾಸಿದವರು ಯಾರೂ ಇಲ್ಲ, ಅಟ್ಟದಲ್ಲಿ ಇತ್ತು." ಮಕ್ಕಳನ್ನು ಮುಂದೆ ಬಿಟ್ಟು ದೊಡ್ಡವರು ಆಡುವ ಈ ಆಟ ನೋಡಿದವರಿಗೆ ಪುಸ್ತಕದ ಕೊನೆ ಆಶ್ಚರ್ಯ ಅನಿಸೋದಿಲ್ಲ, ಹೀಗೇ ಆಗ್ಬೇಕಿತ್ತು ಅನಿಸ್ತದೆ ಅಂತ ಅವರ ಮಾತು. ಆ ಸಂಜೆ ಆಮೇಲೆ ಮೋಸ ಅನ್ನುವ ಶಬ್ದ ಯಾರ ಬಾಯಲ್ಲೂ ಬರಲಿಲ್ಲ.

ಗ್ಯಾಟ್ ವಿಷಯದಲ್ಲಿ ಮಾತ್ರ ಒಪ್ಪಂದ ಆಗಲಿಲ್ಲ. ಗ್ಯಾಟ್ ಪಾಟೀಲ್ ಭಾರತೀಯ ಮೂಲದ ಹುಡುಗ, ಕೇಡೆನ್ಸ್‌ನ ದೊಡ್ಡಮ್ಮನ ಸಂಗಾತಿಯ ಸಹೋದರನ ಮಗ, ಚಿಕ್ಕವನಿರುವಾಗಿಂದ ದ್ವೀಪಕ್ಕೆ ಬರ್ತಾನೆ, ಕೇಡೆನ್ಸ್‌ಗೆ ಅವನ ಮೇಲೆ ಪ್ರೀತಿ. ಅಜ್ಜ ಬಾಯಲ್ಲಿ ಕೆಟ್ಟ ಮಾತು ಆಡೋದಿಲ್ಲ, ಆದ್ರೆ ಹತ್ತಿರವೂ ಸೇರಿಸೋದಿಲ್ಲ. ಗ್ಯಾಟ್ ತನ್ನನ್ನು ವುದರಿಂಗ್ ಹೈಟ್ಸ್ ಕಾದಂಬರಿಯ ಹೀತ್‌ಕ್ಲಿಫ್‌ಗೆ ಹೋಲಿಸಿಕೊಳ್ತಾನೆ, ಮನೆಯೊಳಗೆ ಬೆಳೆದ್ರೂ ಮನೆಯವ ಆಗದವನು. ಪಾಟೀಲ್ ಅನ್ನುವ ಹೆಸರು ನೋಡಿ ನಮಗೆಲ್ಲ ಖುಷಿ ಆದದ್ದು ನಿಜ, ನಮ್ಮ ಬೆಳಗಾವಿ ಕಡೆಯ ಹೆಸರಲ್ವಾ. ಆದ್ರೆ ಅವನು ನಮಗೆ ಸಾಕಷ್ಟು ಸಿಗೋದಿಲ್ಲ. ಒಳ್ಳೇದು ಕೆಟ್ಟದ್ದು ಹೇಳ್ಲಿಕ್ಕೆ, ಕೇಡೆನ್ಸ್‌ನ ಕಣ್ಣು ತೆರೆಸ್ಲಿಕ್ಕೆ ಇಟ್ಟುಕೊಂಡ ಹುಡುಗನ ಹಾಗೆ ಕಾಣ್ತಾನೆ. ಅಕ್ಕನ ಮಗಳು ಇದಕ್ಕೂ ಸಮರ್ಥನೆ ಕೊಟ್ಟಳು, ನಾವು ನೋಡೋದು ಕೇಡೆನ್ಸ್‌ನ ಕಣ್ಣಿಂದ, ಅವಳಿಗೆ ಅವನ ಬಗ್ಗೆ ಅಷ್ಟೇ ಗೊತ್ತಿರೋದು, ಆ ಕುರುಡೇ ಕಥೆಯ ವಿಷಯ ಅಂತ. ಬುದ್ಧಿವಂತಿಕೆಯ ಮಾತು, ಆದ್ರೆ ನನಗೆ ಸಮಾಧಾನ ಇಲ್ಲ. ಕೇಡೆನ್ಸ್‌ಗೆ ಕಾಣದಿದ್ರೂ ಲೇಖಕಿಗೆ ಕಾಣ್ಬೇಕಿತ್ತು. ಒಂದೇ ಒಂದು ಅಧ್ಯಾಯದಲ್ಲಿ ಅವನ ಮನೆಯ ಬಾಗಿಲು ತೆರೆದಿದ್ರೆ ಕೊನೆಯ ಪೆಟ್ಟು ಇನ್ನೂ ಜೋರಾಗಿ ಬೀಳ್ತಿತ್ತು.

2025ರ ಜೂನಲ್ಲಿ ಪ್ರೈಮ್ ವಿಡಿಯೋದಲ್ಲಿ ಸೀರೀಸ್ ಬಂತು, ಎಂಟು ಎಪಿಸೋಡ್, ಗ್ಯಾಟ್ ಪಾತ್ರ ಶುಭಂ ಮಹೇಶ್ವರಿ ಮಾಡಿದ್ದಾರೆ. ಅಲ್ಲಿ ಕ್ಯಾಮೆರಾ ಕೇಡೆನ್ಸ್‌ನ ತಲೆಯೊಳಗೇ ಕೂತಿರೋದಿಲ್ಲ, ಹಾಗಾಗಿ ಅವನ ಮುಖ ನೋಡ್ಲಿಕ್ಕಾದ್ರೂ ಸಿಗ್ತದೆ. ಆದ್ರೆ ಸೀರೀಸ್ ಮೊದಲು ನೋಡಿ ಆಮೇಲೆ ಪುಸ್ತಕ ಅಂತ ಇಟ್ಟುಕೊಳ್ಬೇಡಿ ದಯವಿಟ್ಟು, ಪುಸ್ತಕದಲ್ಲಿ ಮಾತ್ರ ಆಗುವ ಒಂದು ಕೆಲಸ ಉಂಟು, ಅದು ಹಾಳಾಗ್ತದೆ.

ಹಾಗೇ 2022ರಲ್ಲಿ ಬಂದ ‘ಫ್ಯಾಮಿಲಿ ಆಫ್ ಲೈಸ್’ ಇದರ ಹಿಂದಿನ ಕಥೆ, ಅಮ್ಮ ಮತ್ತು ದೊಡ್ಡಮ್ಮ ಚಿಕ್ಕಮ್ಮಂದಿರು ಹುಡುಗಿಯರಾಗಿದ್ದ ಕಾಲದ್ದು. ಕಾಲ ಹಿಂದಿನದ್ದಲ್ವಾ, ಅದನ್ನೇ ಮೊದಲು ಓದುವ ಅಂತ ಕೆಲವರು ಹೊರಡ್ತಾರೆ. ಬೇಡ. ಅದರ ಆರಂಭದಲ್ಲೇ ಮೊದಲ ಪುಸ್ತಕದ ಗುಟ್ಟು ಬಿಟ್ಟುಕೊಟ್ಟಿದ್ದಾರೆ. 2014ರದ್ದು ಮೊದಲು, ಅಜ್ಜಿಕಥೆಗಳನ್ನು ಒಂದೂ ಬಿಡದೆ ಓದಿ, ಆಮೇಲೆ 2022ರದ್ದು. ನಮ್ಮ ಟೀಚರ್ ಈಗ ಅದನ್ನೇ ಓದ್ತಾ ಇದ್ದಾರೆ, ಪೆನ್ನು ಹಿಡ್ಕೊಂಡು.