ಟೋಪ್ ತೆನಿಯ ಬಿಳಿ

ತಲೆಯ ಮೇಲೆ ಸೆರಗು ಹೊದ್ದು, ಬುತ್ತಿಗಂಟು ಹಿಡಿದು ಹೊಲದ ದಾರಿಯಲ್ಲಿ ನಿಂತ ಹೆಣ್ಣುಮಗಳು. ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿಟ್ಟುಕೊಂಡಿದ್ದ ಆ ಚಿತ್ರ ನೋಡಿ ಬರೆಯುತ್ತಲೇ ಜಲವರ್ಣದಲ್ಲಿ ಮುಖ ಬರೆಯುವುದನ್ನು ಕಲಿಯಬೇಕೆಂದು ಹೊರಟಿದ್ದೆ. ಅಚ್ಚಿನ ಚಿತ್ರದ ಮೇಲೂ ನನ್ನ 300 ಜಿಎಸ್‌ಎಂನ ದಪ್ಪ ಹಾಳೆಯ ಮೇಲೂ 1 ಇಂಚಿನ ಚೌಕಗಳನ್ನು ತೆಳುವಾಗಿ ಎಳೆದುಕೊಂಡೆ. ಕಣ್ಣು, ಮೂಗು, ನತ್ತು ಎಲ್ಲ ಜಾಗಕ್ಕೆ ಬಂದವು.

ಸೋತದ್ದು ಬಣ್ಣದಲ್ಲಿ. ಒಂದು ಮೈಬಣ್ಣ ಕಲಸಿ ಇಡೀ ಮುಖಕ್ಕೆ ಬಳಿದರೆ ಗೋಡೆಗೆ ಕೆಮ್ಮಣ್ಣು ಸಾರಿಸಿದಂತಾಯಿತು. ಮತ್ತೆ ಅಚ್ಚಿನ ಚಿತ್ರ ಹಿಡಿದು ಕೂತೆ. ಬಿಸಿಲು ಬಿದ್ದ ಕೆನ್ನೆ ಹಳದಿ, ಸೆರಗಿನ ನೆರಳಿನ ಹಣೆ ಹೆಚ್ಚುಕಡಿಮೆ ನೇರಳೆ, ಗದ್ದದ ಕೆಳಗೆ ಸೀರೆಯದೇ ಕೆಂಪು. ಮೈಬಣ್ಣ ಅನ್ನುವುದು ಎಲ್ಲಿಯೂ ಇರಲಿಲ್ಲ. ಆಮೇಲೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿಯನ್ನು ನೀರಾಗಿ ಹಚ್ಚಿ, ಪೂರಾ ಒಣಗಿಸಿ, ನೆರಳಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿ ಪದರದ ಮೇಲೆ ಪದರ ಕೊಡುತ್ತ ಹೋದೆ. ಕಪ್ಪು ಮುಟ್ಟಲೇ ಇಲ್ಲ. ಏಪ್ರಿಲ್ ತಿಂಗಳ ಬಾಗಲಕೋಟೆ ಬೇರೆ: ನವನಗರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಕುಂಚ ಕೆನ್ನೆ ದಾಟುವುದರೊಳಗೆ ಬಣ್ಣ ಒಣಗಿ ಅಂಚು ಗೆರೆಯಾಗಿ ನಿಲ್ಲುತ್ತಿತ್ತು. ಹಾಳೆಯ ಎರಡೂ ಬದಿ ನೆನೆಸಿ, ನಸುಕಿನ 5 ಗಂಟೆಗೆ ಕೂತ ಮೇಲೆಯೇ ಕೆನ್ನೆ ನುಣುಪಾಯಿತು.

ಮುಗಿದ ದಿನ ಆಯಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

‘ಮಾರಿ ಖರೇನ ಚಲೋ ಬಂದೈತಿ. ಸೆರಗು ಯಾವ ಊರಿಂದವ್ವಾ?’

‘ಚಿತ್ರದಾಗ ಹಂಗ ಐತಿ ಆಯಿ.’

ಕೆಂಪು ಸೆರಗಿನ ತುಂಬ ಬಂಗಾರದ ಸಣ್ಣ ಹೂ. ಅದನ್ನು ಒಂದೊಂದಾಗಿ, ನಿಷ್ಠೆಯಿಂದ ಇಳಿಸಿದ್ದೆ. ಆಯಿ ಏನೂ ಅನ್ನದೆ ಟ್ರಂಕು ತೆಗೆದು ತನ್ನ ಇಳಕಲ್ಲ ಸೀರೆ ಹಾಸಿಗೆಯ ಮೇಲೆ ಹರವಿದಳು. ಕೆಂಪು ರೇಷ್ಮೆಯ ನಡುವೆ ಬಿಳಿಯ ಹಲ್ಲುಗಳು, ಟೋಪ್ ತೆನಿ. ಬೆರಳಿಟ್ಟು ಹೇಳುತ್ತ ಹೋದಳು: ಇದು ಹಣಿಗಿ, ಬಾಚಣಿಗೆಯ ಹಲ್ಲು; ಇದು ಕೋಟಿ ಕಮ್ಮಲಿ, ಕೋಟೆಗೋಡೆಯ ತಲೆ; ಇದು ಜ್ವಾಳದ ತೆನಿ. ‘ಒಡಲು ಬ್ಯಾರೆ, ಸೆರಗು ಬ್ಯಾರೆ. ಎರಡರ ಎಳಿಗೂ ಕೊಂಡಿ ಹಾಕಿ ಕೂಡಸ್ತಾರ.’ ಕೊಂಡಿ ಬಿದ್ದಲ್ಲಿ ಬಣ್ಣ ತಟ್ಟನೆ ಬದಲಾಗಿತ್ತು. ನಾನು ಅಲ್ಲಿ ಕೆಂಪನ್ನು ಹಸಿಯಾಗಿಯೇ ಒಡಲಿನೊಳಗೆ ಹರಿಯಬಿಟ್ಟು, ಚಂದ ಬಂತೆಂದು ಖುಷಿಪಟ್ಟಿದ್ದೆ. ಇದೇ ಜಿಲ್ಲೆಯಲ್ಲಿ ಹುಟ್ಟಿ, ಇದೇ ಸೆರಗಿನ ಕೆಳಗೆ ಮಲಗಿ ಬೆಳೆದವಳು ನಾನು. ಅಚ್ಚಿನ ಚಿತ್ರವನ್ನು ನೋಡಿದಷ್ಟು ಎಚ್ಚರದಿಂದ ಇದನ್ನು ಒಮ್ಮೆಯೂ ನೋಡಿರಲಿಲ್ಲ.

ಅದೇ ಹಾಳೆಯಲ್ಲಿ ತಿದ್ದಲು ಹೋದೆ. ಕೆಂಪಿನ ಮೇಲೆ ಬಿಳಿ ಬಣ್ಣ ಇಟ್ಟರೆ ಸುಣ್ಣದ ಚುಕ್ಕೆಯಂತೆ ಕೂತಿತು. ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವುದಲ್ಲ, ಹಾಳೆಯ ಬಿಳಿಯನ್ನೇ ಖಾಲಿ ಬಿಡಬೇಕು. ನತ್ತಿನ ಮುತ್ತಿಗೆ ಹಾಗೆ ಬಿಟ್ಟಿದ್ದೆನಲ್ಲ! ಹೊಸ ಹಾಳೆ ತೆಗೆದೆ. 2ನೇ ನಂಬರಿನ ಕುಂಚದಿಂದ ಒಂದೊಂದು ಹಲ್ಲಿನ ಸುತ್ತ ಕೆಂಪು ತುಂಬಿದೆ. ಒಡಲಿನ ಬಣ್ಣ ಒಣಗುವವರೆಗೆ ಸೆರಗಿಗೆ ಕೈ ಹಚ್ಚಲಿಲ್ಲ. ಎರಡು ನಸುಕು ಹಿಡಿಯಿತು. ಆದರೂ ತಲೆ ಹಲಗೆಯಂತೆ ಚಪ್ಪಟೆಯಾಗಿತ್ತು. ಹಾಸಿಗೆಯ ಮೇಲೆ ಹರವಿದ ಸೆರಗು ನೋಡಿ ಹಲ್ಲುಗಳನ್ನು ಸಾಲಾಗಿ ಬರೆದಿದ್ದೆ. ಹೊದ್ದ ಸೆರಗಿನಲ್ಲಿ ಅವು ತಲೆಯ ದುಂಡಿಗೆ ಬಾಗುತ್ತವೆ, ಮಡಿಕೆಯಲ್ಲಿ ಅರ್ಧ ಮುಚ್ಚಿಕೊಳ್ಳುತ್ತವೆ.

‘ಆಯಿ, ಅದನ್ನ ಉಟ್ಟು ಕುಂದರ್ತಿಯೇನು?’

ಮರುದಿನ ಬೆಳಗ್ಗೆ ಆಯಿ ಅದನ್ನು ಉಟ್ಟು, ಸೆರಗು ಹೊದ್ದು, ಬಾಗಿಲ ಬೆಳಕಿಗೆ ಮುಖ ಮಾಡಿ ಕೂತಳು. ಕ್ಯಾಲೆಂಡರಿನ ಚಿತ್ರ ಕಪಾಟಿನಲ್ಲೇ ಇತ್ತು. ಈ ಸಲ ಚೌಕ ಎಳೆಯಲಿಲ್ಲ. ಹಣೆಯ ಮೇಲೆ ಬಂದ ಬಿಳಿ ಹಲ್ಲುಗಳನ್ನು ಎಣಿಸುತ್ತ 7ನೆಯದಕ್ಕೆ ಬಂದಿದ್ದೆ. ಸೆರಗು ಜಾರಿತು. ಆಯಿ ರೂಢಿಯಂತೆ ಎಳೆದು ಹೊದ್ದಳು, ಮಡಿಕೆಗಳೆಲ್ಲ ಬದಲಾದವು. ನಾನು ರಬ್ಬರ್ ಹಿಡಿದು ಮೊದಲನೆಯ ಹಲ್ಲಿಗೆ ಮರಳಿದೆ.