ಕಾರಣದ ಕಾಲಂ ತುಂಬಿದವರು ಯಾರು?

ನಮ್ಮ ಬ್ಯಾಚಿನಲ್ಲಿ ಡಿಸರ್ಟೇಶನ್‌ಗೆ ಜಾಸ್ತಿ ಬೇಡಿಕೆ ಇದ್ದ ವಿಷಯಗಳು ಎರಡು. ಒಂದು ಸ್ತ್ರೀಶಕ್ತಿ ಸಂಘ, ಇನ್ನೊಂದು ಮೊಬೈಲ್ ಮತ್ತು ಯುವಜನ. ಇವೆರಡೂ ಬೇಡ ಅಂತ ನಾನು ಮಾದಕ ವಸ್ತುಗಳ ಕಡೆ ಹೋದೆ. ಅದೇನೂ ಹೊಸ ವಿಷಯ ಆಗಿರಲಿಲ್ಲ. ವಿಭಾಗದ ಲೈಬ್ರರಿಯಲ್ಲಿ ‘ಮಾದಕ ವ್ಯಸನ: ಕಾರಣಗಳು ಮತ್ತು ಪರಿಹಾರಗಳು’ ಅನ್ನುವಂಥ ಹೆಸರಿನ ಹಳೆಯ ಪ್ರಬಂಧಗಳು ಸಾಲಾಗಿ ಕೂತಿದ್ದವು. ಒಂದು ತೆಗೆದು ಓದಿದರೆ ಎಲ್ಲ ಓದಿದ ಹಾಗೆ. ಕಾರಣ: ಗೆಳೆಯರ ಸಹವಾಸ, ಮನೆಯಲ್ಲಿ ಜಗಳ, ಸಿನಿಮಾ. ಪರಿಹಾರ: ಜಾಗೃತಿ, ಯೋಗ, ಕಠಿಣ ಕಾನೂನು.

ಗೈಡ್ ಆಗಿದ್ದ ಮೇಡಂ ನನ್ನ ಸಿನಾಪ್ಸಿಸ್ ಓದಿ ಕನ್ನಡಕ ತೆಗೆದಿಟ್ಟರು. “ವಿಷಯ ಛಲೋ ಅದ. ಕಾರಣ-ಪರಿಹಾರ ಬ್ಯಾಡ. ಅದೇ ಗಾಂಜಾ ಒಂದ ಕಡೆ ಪ್ರಸಾದ ಆಗ್ತದ, ಇನ್ನೊಂದು ಕಡೆ ಕೇಸ್ ಆಗ್ತದ. ಅದು ಹೆಂಗ, ಅಷ್ಟ ನೋಡು” ಅಂದರು. ಇದು 2019ರ ಮಾತು. ಧಾರವಾಡದಲ್ಲಿ ಮಳೆ ಬಿಡದೆ ಹೊಡೆಯುತ್ತಿದ್ದ ವರ್ಷ.

ಮೊದಲು ಓದಲು ಕೊಟ್ಟದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1953ರಲ್ಲಿ ಬರೆದ ಲೇಖನ. ಈ ಮನುಷ್ಯ ಶಿಕಾಗೋದಲ್ಲಿ ಜಾಝ್ ಪಿಯಾನೋ ನುಡಿಸುತ್ತಿದ್ದವರು. ಗಾಂಜಾ ಸೇದುವವರನ್ನು ಹತ್ತಿರದಿಂದ ಕಂಡವರು. 50 ಜನರನ್ನು ಮಾತಾಡಿಸಿ ಅವರು ಹೇಳಿದ್ದು ಇಷ್ಟು: ಸೇದಿದ ಕೂಡಲೇ ಯಾರಿಗೂ ನಶೆ ಸಿಗುವುದಿಲ್ಲ. ಹೊಗೆ ಎಳೆಯುವುದನ್ನು ಕಲಿಯಬೇಕು. ಮೈಯಲ್ಲಿ ಆಗುತ್ತಿರುವುದು ಅದರಿಂದಲೇ ಅಂತ ಗುರುತಿಸಲು ಕಲಿಯಬೇಕು. ಅದು ಸುಖ ಅಂತ ಒಪ್ಪಿಕೊಳ್ಳುವುದನ್ನೂ ಕಲಿಯಬೇಕು. ಕಲಿಸುವವರು ಜೊತೆಗಿದ್ದವರೇ. ಅಂದರೆ ವಸ್ತುವಿನಲ್ಲಿ ಅರ್ಧ ಇದೆ, ಉಳಿದರ್ಧ ಸುತ್ತ ಕೂತವರಲ್ಲಿದೆ.

ಇದನ್ನು ಹಾಸ್ಟೆಲ್ ರೂಮಿನಲ್ಲಿ ಜೋರಾಗಿ ಓದಿ ವಿವರಿಸಿದ್ದಕ್ಕೆ ನನಗೆ ‘ಚಿಲುಮಿ’ ಅಂತ ಹೆಸರು ಬಿತ್ತು. “ಏ ಚಿಲುಮಿ, ಊಟಕ್ಕ ಬಾರೋ” ಅಂತ ಮೆಸ್ಸಿನ ತನಕ ಕೂಗುತ್ತಿದ್ದರು. ವಾರ್ಡನ್ ಕಿವಿಗೂ ಬಿದ್ದು, ಒಂದು ಸಂಜೆ ನನ್ನ ಟ್ರಂಕ್ ತಪಾಸಣೆ ಆಯಿತು. ಸಿಕ್ಕಿದ್ದು ಜೆರಾಕ್ಸ್ ಪ್ರತಿಗಳು ಮಾತ್ರ. ಅವನ್ನೂ ಅವರು ಬಹಳ ಹೊತ್ತು ತಿರುವಿ ನೋಡಿದರು. ಮೇಲ್ಗಡೆ ಬರೆದಿದ್ದ ಹೆಸರುಗಳೇ ಸಾಕಿತ್ತಲ್ಲ ಅನುಮಾನಕ್ಕೆ!

ಬೆಕರ್ ನಂತರ ಲೀ ರಾಬಿನ್ಸ್. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರನ್ನು ಅಧ್ಯಯನ ಮಾಡಿದವರು. ಅಲ್ಲಿದ್ದಾಗ ಐವರಲ್ಲಿ ಒಬ್ಬ ಹೆರಾಯಿನ್‌ನಂಥ ಅಫೀಮು ಮೂಲದ ವಸ್ತುಗಳ ಚಟಕ್ಕೆ ಬಿದ್ದಿದ್ದ. ದೇಶಕ್ಕೆ ಮರಳಿದ ಮೊದಲ ವರ್ಷದಲ್ಲಿ ಅವರಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐದು ಜನ ಮಾತ್ರ. ಯುದ್ಧ, ಕಾಡು, ಬೇಸರ, ಸುಲಭವಾಗಿ ಸಿಗುತ್ತಿದ್ದ ಮಾಲು, ಎಲ್ಲ ಹಿಂದೆ ಉಳಿದಿದ್ದವು. ಚಟ ಅಂದರೆ ಒಮ್ಮೆ ಹಿಡಿದರೆ ಸಾಯೋವರೆಗೂ ಬಿಡದ್ದು ಅಂತ ನಾವೆಲ್ಲ ಕೇಳಿ ಬೆಳೆದವರು. ಈ ಅಂಕಿ ಓದಿದ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಮೇಡಂಗೆ ಫೋನ್ ಮಾಡಿ ‘ಇದು ನಿಜಾನಾ’ ಅಂತ ಕೇಳಿದ್ದಂತೂ ಹೌದು.

ಫೀಲ್ಡ್‌ವರ್ಕ್‌ಗೆ ಹೋದದ್ದು ಕಲ್ಯಾಣ ಕರ್ನಾಟಕದ ಒಂದು ಸಣ್ಣ ಮಠಕ್ಕೆ. ಊರು, ಹೆಸರು ಇಲ್ಲಿಯೂ ಬರೆಯುವುದಿಲ್ಲ. ಆ ಭಾಗದ ಅವಧೂತ, ಆರೂಢ ಪರಂಪರೆಯ ಕೆಲವು ಕಡೆ ಗಾಂಜಾ ಇವತ್ತಿಗೂ ಸಾಧನೆಯ ಭಾಗ. ಅಮಾವಾಸ್ಯೆ ರಾತ್ರಿ ತತ್ವಪದ ಹಾಡುವವರು ಸೇರುತ್ತಿದ್ದರು. ಏಕತಾರಿ, ದಮ್ಮಡಿ, ನಡುನಡುವೆ ಚಿಲುಮೆ. ಅದಕ್ಕೂ ಕ್ರಮ ಇತ್ತು. ಯಾರು ಮೊದಲು ಹಚ್ಚಬೇಕು, ಯಾರ ಕೈಯಿಂದ ಯಾರ ಕೈಗೆ ಹೋಗಬೇಕು, ಯಾವ ಪದ ಮುಗಿದ ಮೇಲೆ ನಿಲ್ಲಬೇಕು. ಹೊರಗೆ ಕಟ್ಟೆಯ ಮೇಲೆ ಕೂತು ಸೇದಲು ಹೋದ ಒಬ್ಬ ಹುಡುಗನಿಗೆ ಮಠದ ಅಜ್ಜಾರು ಎಲ್ಲರೆದುರು ಬೈದರು. “ಇಲ್ಲಿ ಸೇದೂದು ಪದಕ್ಕ, ಅಲ್ಲಿ ಸೇದೂದು ಚಟಕ್ಕ” ಅಂದರು. ಅಮೆರಿಕದ ಮನೋವೈದ್ಯ ನಾರ್ಮನ್ ಝಿನ್‌ಬರ್ಗ್ ಇದನ್ನೇ ಒಂದು ಪುಸ್ತಕದುದ್ದಕ್ಕೂ ಹೇಳಿದ್ದಾರೆ: ವಸ್ತು ಯಾವುದು, ತಗೊಳ್ಳುವವನ ಮನಸ್ಸು ಎಂಥದ್ದು, ಸುತ್ತಲ ಸನ್ನಿವೇಶ ಎಂಥದ್ದು, ಮೂರನ್ನೂ ಒಟ್ಟಿಗೆ ನೋಡಬೇಕು ಅಂತ.

ಆದರೆ ಅಡುಗೆಮನೆಯ ಕಡೆ ಹೋದರೆ ಕಥೆ ಬೇರೆ. ಹೆಂಗಸರು ಚಿಲುಮೆ ಮುಟ್ಟುತ್ತಿರಲಿಲ್ಲ, ರೊಟ್ಟಿ ಬಡಿಯುತ್ತಿದ್ದರು. ಅವರಲ್ಲಿ ಒಬ್ಬಾಕೆಯ ಮಗ ಊರು ಬಿಟ್ಟು ದುಡಿಯಲು ಹೋದಲ್ಲಿ ಗಾಂಜಾಕ್ಕೆ ಬಿದ್ದು, ತಲೆ ಕೆಟ್ಟು ವಾಪಸ್ ಬಂದಿದ್ದ. “ಅಜ್ಜಾರಿಗೆ ಪ್ರಸಾದ ಆಗ್ಲೆಪಾ. ನನ್ನ ಮಗಗ ಏನಾತು ಅದನ್ನೂ ಬರಕೊ” ಅಂದಳು. ಬರೆದುಕೊಂಡೆ. ಆ ಒಂದು ಅಧ್ಯಾಯ ಇಲ್ಲದಿದ್ದರೆ ನನ್ನ ಪ್ರಬಂಧ ಮಠದ ಪರ ಬರೆದ ಕರಪತ್ರ ಆಗುತ್ತಿತ್ತು.

ಇಂಥ ಕೆಲಸದಲ್ಲಿ ನೋಟ್‌ಬುಕ್ ಅಂದರೆ ಭಯ. ಮಾದಕ ವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇದುವುದೂ ಅಪರಾಧ. ಒಂದು ಕಿಲೋ ತನಕ ಗಾಂಜಾ ಇದ್ದರೆ ‘ಸಣ್ಣ ಪ್ರಮಾಣ’, 20 ಕಿಲೋ ದಾಟಿದರೆ ಕನಿಷ್ಠ ಹತ್ತು ವರ್ಷ ಜೈಲು. ಯಾರೋ ನಂಬಿ ಹೇಳಿದ್ದು ಪೊಲೀಸರ ಕೈಗೆ ಸಿಕ್ಕರೆ? ಮೇಡಂ ನಿಯಮ ಮಾಡಿಕೊಟ್ಟರು. ಹೆಸರು ಬರೆಯಬೇಡ, ನಂಬರ್ ಹಾಕು. ಫೋಟೋ ಬೇಡ. ಎಲ್ಲಿಂದ ತಂದಿರಿ ಅಂತ ಕೇಳಲೇಬೇಡ, ಗೊತ್ತಿಲ್ಲದ್ದನ್ನು ಯಾರೂ ನಿನ್ನಿಂದ ಕಕ್ಕಿಸಲಾರರು. ರಿಸರ್ಚ್ ಮೆಥಡಾಲಜಿ ಪೇಪರಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ‘ಗೌಪ್ಯತೆ’ ಅಂದರೆ ಏನು ಅಂತ ಆಗ ತಿಳಿಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಹಾಸ್ಟೆಲ್ ಖಾಲಿ, ಲೈಬ್ರರಿ ಬಂದ್, ಮಠವೂ ದೂರ. ಊರಿಗೆ ಹೋಗಿ ಕೂತೆ. ನನ್ನ ಪ್ರಬಂಧದ ಜೀವ ಅನ್ನಬಹುದಾದದ್ದು ಸಿಕ್ಕಿದ್ದು ಆ ದಿನಗಳಲ್ಲೇ, ಮಾಳಿಗೆಯ ಮೇಲೆ ಫೋನ್ ಹಿಡಿದು ಸಿಗ್ನಲ್ ಹುಡುಕುತ್ತಾ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟಿಷ್ ಭಾರತದ ವೈದ್ಯಕೀಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. ಅದರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ವರದಿ ಇದೆ.

ಕಥೆ ಹೀಗಿದೆ. ಗಾಂಜಾದಿಂದ ಹಿಂದುಸ್ತಾನದ ಜನ ಹುಚ್ಚರಾಗುತ್ತಿದ್ದಾರೆ, ಹುಚ್ಚಾಸ್ಪತ್ರೆಗಳು ತುಂಬಿವೆ ಅಂತ ಬ್ರಿಟನ್ನಿನಲ್ಲಿ ಗದ್ದಲ ಎದ್ದಿತ್ತು. 1893ರಲ್ಲಿ ಲಂಡನ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. ಅದೇ ವರ್ಷ ಏಳು ಸದಸ್ಯರ ಆಯೋಗ ನೇಮಕ ಆಯಿತು. ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್. ಮೂವರು ಭಾರತೀಯರೂ ಇದ್ದರು. ಊರೂರು ತಿರುಗಿ 1,193 ಸಾಕ್ಷಿಗಳ ಹೇಳಿಕೆ ಪಡೆದರು. ಡಾಕ್ಟರು, ಕಲೆಕ್ಟರು, ವ್ಯಾಪಾರಿಗಳು, ಸಾಧುಗಳು, ಯಾರನ್ನೂ ಬಿಟ್ಟಿಲ್ಲ. ವರದಿ ಮೂರು ಸಾವಿರ ಪುಟ ದಾಟುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಚ್ಚಾಸ್ಪತ್ರೆಗಳ ಭಾಗ. ಗಾಂಜಾದಿಂದ ಹುಚ್ಚು ಅನ್ನುವ ಮಾತಿಗೆಲ್ಲ ಆಧಾರ ಆಸ್ಪತ್ರೆಗಳ ರಿಜಿಸ್ಟರ್. ಆಯೋಗದವರು ಆ ರಿಜಿಸ್ಟರ್ ನಂಬಲಿಲ್ಲ. 1892ರಲ್ಲಿ ದಾಖಲಾದ 1,344 ಜನರ ಕೇಸುಗಳನ್ನು ಒಂದೊಂದಾಗಿ ಮತ್ತೆ ತೆಗೆದರು. 222 ಜನರ ಹೆಸರಿನ ಮುಂದೆ ಕಾರಣ ಗಾಂಜಾ, ಭಂಗಿ ಅಂತ ಇತ್ತು. ವಿಚಾರಣೆ ಮುಗಿದಾಗ ಉಳಿದದ್ದು 98. ಅದರಲ್ಲೂ 37 ಮಂದಿಗೆ ಬೇರೆ ಕಾರಣಗಳೂ ಇದ್ದವು.

ಉಳಿದವರ ಕಾಲಂನಲ್ಲಿ ಗಾಂಜಾ ಅಂತ ಬಂದದ್ದು ಹೇಗೆ? ಬೀದಿಯಲ್ಲಿ ಅಲೆಯುತ್ತಿದ್ದವನನ್ನು ಪೊಲೀಸರು ಹಿಡಿದು ತರುತ್ತಿದ್ದರು. ಅವನು ಯಾರು, ಎಲ್ಲಿಯವನು ಗೊತ್ತಿಲ್ಲ. ಫಾರಂನಲ್ಲಿ ‘ಕಾರಣ’ ಅಂತ ಒಂದು ಕಾಲಂ, ಖಾಲಿ ಬಿಡುವ ಹಾಗಿಲ್ಲ. ಗಾಂಜಾ ಅಂತ ಬರೆದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಅದನ್ನೇ ನಕಲು ಮಾಡುತ್ತಿದ್ದರು. ವರ್ಷದ ಕೊನೆಗೆ ಅದು ಅಂಕಿಅಂಶ. ಅಂಕಿಅಂಶದಿಂದ ಲಂಡನ್ನಿನಲ್ಲಿ ಭಾಷಣ. ಒಬ್ಬ ಪೇದೆ ಬೇಗ ಮನೆಗೆ ಹೋಗಲು ಬರೆದ ಒಂದು ಶಬ್ದ ಎಲ್ಲಿಯವರೆಗೆ ಹೋಯಿತು ನೋಡಿ!

ಆಗಿನ ಬಾಂಬೆ ಪ್ರಾಂತ್ಯದ ಹುಚ್ಚಾಸ್ಪತ್ರೆಗಳ ಸಾಲಿನಲ್ಲಿ ಧಾರವಾಡವೂ ಇತ್ತು. ಈಗ ಡಿಮ್ಹಾನ್ಸ್ ಅಂತ ಬೋರ್ಡ್ ಇದೆ, ಆಟೋದವರಿಗೆ ಮಾತ್ರ ಇವತ್ತಿಗೂ ‘ಹುಚ್ಚರ ದವಾಖಾನಿ’. ಪಿಎಚ್‌ಡಿ ಗೆಳೆಯರ ಜೊತೆ ಆ ಗೋಡೆಯ ಪಕ್ಕ ಎಷ್ಟು ಸಲ ನಡೆದುಹೋಗಿದ್ದೆನೋ. ಅದೇ ಊರಲ್ಲಿ ಓದುವ ನಾನು ಆ ಕಾಲದ ರಿಜಿಸ್ಟರ್ ಬಗ್ಗೆ ಬರೆಯುತ್ತಿದ್ದೇನೆ ಅನ್ನುವುದು ಖುಷಿ ಕೊಟ್ಟಿತು.

ಆಯೋಗ ಕೊನೆಗೆ, ಮಿತವಾಗಿ ಬಳಸುವವರಿಗೆ ಅಂಥ ಹಾನಿ ಇಲ್ಲ, ಅತಿಯಾದರೆ ಇದೆ, ಪೂರ್ತಿ ನಿಷೇಧ ಬೇಡ, ಲೈಸೆನ್ಸು ತೆರಿಗೆಯಿಂದ ಹಿಡಿತದಲ್ಲಿಡಿ ಅಂದಿತು. ಇಬ್ಬರು ಭಾರತೀಯ ಸದಸ್ಯರು ಇದಕ್ಕೆ ಪೂರ್ತಿ ಒಪ್ಪದೆ ಭಿನ್ನಮತ ಬರೆದರು. ನಾನು ಆಯೋಗವನ್ನು ಹೊಗಳಿ ಹೊಗಳಿ ಬರೆದು ಕಳಿಸಿದ ಅಧ್ಯಾಯಕ್ಕೆ ಮೇಡಂ ವಾಟ್ಸಾಪಿನಲ್ಲಿ ಒಂದೇ ಸಾಲು ಹಾಕಿದರು: “ಗಾಂಜಾ ತೆರಿಗಿ ರೊಕ್ಕ ಯಾರ ಖಜಾನಿಗೆ ಹೋಗ್ತಿತ್ತು?” ಸರ್ಕಾರದ್ದಕ್ಕೇ. ಪೊಲೀಸರ ಕಾಲಂಗೆ ಕೇಳಿದ ಪ್ರಶ್ನೆಯನ್ನು ಆಯೋಗಕ್ಕೂ ಕೇಳಬೇಕಲ್ವಾ?

ಆ ಪ್ರಶ್ನೆಗೆ ಮೇ 4ರಂದು ನಮ್ಮೂರ ರಸ್ತೆಯಲ್ಲೇ ಉದಾಹರಣೆ ಸಿಕ್ಕಿತು. ಲಾಕ್‌ಡೌನಿನಲ್ಲಿ ಮುಚ್ಚಿದ್ದ ಮದ್ಯದಂಗಡಿಗಳು ತೆರೆದವು. ಬೆಳಗಿನಿಂದ ಕ್ಯೂ. ಕೆಲವು ಕಡೆ ಅಂಗಡಿಗೆ ತೆಂಗಿನಕಾಯಿ ಒಡೆದು ಪೂಜೆ. ರಾಜ್ಯದಲ್ಲಿ ಮೊದಲ ದಿನವೇ ಸುಮಾರು 45 ಕೋಟಿ ರೂಪಾಯಿ ವ್ಯಾಪಾರ ಅಂತ ಟಿವಿಯಲ್ಲಿ ಬಂತು. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಮಾಡಿದ ರಾಜ್ಯವೇ ಇದು. ಬಡವರ ಸಾರಾಯಿ ಪಾಕೀಟು ಹೋಯಿತು, ಬಾಟಲಿ ಉಳಿಯಿತು, ಅಬಕಾರಿ ಆದಾಯವೂ ಉಳಿಯಿತು. ಹಾಗಾಗಿ ಪ್ರಬಂಧದಲ್ಲಿ ಮದ್ಯಕ್ಕೂ ಒಂದು ಅಧ್ಯಾಯ ಸೇರಿತು.

ವೈವಾ ನಡೆದಾಗ ಬೆಂಗಳೂರಿನ ಸಿನಿಮಾದವರ ಡ್ರಗ್ಸ್ ಕೇಸು ಹಗಲೂ ರಾತ್ರಿ ಟಿವಿಯಲ್ಲಿ ಓಡುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪ್ರಬಂಧ ಮುಚ್ಚಿಟ್ಟು, “ಹಾಗಾದರೆ ಗಾಂಜಾ ಒಳ್ಳೆಯದು ಅಂತೀಯೇನಪ್ಪಾ?” ಅಂದರು. “ಇಲ್ಲ ಸರ್. ಮಠದ ಅಜ್ಜಾರನ್ನೂ ಕೇಳಿದ್ದೀನಿ, ರೊಟ್ಟಿ ಬಡಿಯುವ ತಾಯಿಯನ್ನೂ ಕೇಳಿದ್ದೀನಿ. ಒಂದೇ ಉತ್ತರ ಬರಲಿಲ್ಲ” ಅಂದೆ. ಆಮೇಲೆ 2019ರ ಏಮ್ಸ್ ಸಮೀಕ್ಷೆಯ ಅಂಕಿ ಹೇಳಿದೆ. ದೇಶದಲ್ಲಿ ಮದ್ಯ ಕುಡಿಯುವವರು ನೂರಕ್ಕೆ 14.6, ಗಾಂಜಾ-ಭಂಗಿ ಬಳಸುವವರು 2.8. ಟಿವಿಯಲ್ಲಿ ಯಾವುದು ಜಾಸ್ತಿ ಕಾಣುತ್ತದೆ ಅಂತಲೂ ಕೇಳಿದೆ. ಅವರು ನಕ್ಕರು. ಮಾರ್ಕ್ಸ್ ಮಾತ್ರ ಹಿಡಿದೇ ಕೊಟ್ಟರು.

ಈಗ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಕೌನ್ಸೆಲರ್ ಆಗಿದ್ದೇನೆ. ದಾಖಲಾಗುವವರ ಫಾರಂ ತುಂಬುವುದು ನನ್ನದೇ ಕೆಲಸ. ಅದರಲ್ಲೂ ಕಾರಣ ಅಂತ ಒಂದು ಕಾಲಂ ಇದೆ. ಕಂಪ್ಯೂಟರ್ ಐದಾರು ಆಯ್ಕೆ ಕೊಡುತ್ತದೆ, ಒಂದನ್ನು ಒತ್ತದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಒತ್ತುತ್ತೇನೆ. ಜೊತೆಗೆ ಬೇರೆ ನೋಟ್‌ಬುಕ್ಕಿನಲ್ಲಿ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡುತ್ತೇನೆ, ಹೆಸರಿಲ್ಲದೆ, ನಂಬರ್ ಹಾಕಿ.

ಈಗಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಆಯೋಗದ ಬಾಂಬೆ ಪ್ರಾಂತ್ಯದ ಸಾಕ್ಷಿಗಳ ಸಂಪುಟವನ್ನು ನಾನು ಪೂರ್ತಿ ಓದಿಲ್ಲ, ಒಂದು ವರ್ಷದ ಪ್ರಬಂಧಕ್ಕೆ ಅದು ಬಹಳ ದೊಡ್ಡದು. ಯಾರಾದರೂ ಕೈಹಾಕುವುದಿದ್ದರೆ ನನ್ನ ಟಿಪ್ಪಣಿಗಳನ್ನು ಕೊಡುತ್ತೇನೆ. ವಿಭಾಗದ ಕಚೇರಿಯಲ್ಲಿ ನನ್ನ ನಂಬರ್ ಇದೆ. ‘ಚಿಲುಮಿ’ ಅಂತ ಕೇಳಿದರೂ ನಡೆಯುತ್ತದೆ.